ಬೇಡ ಅಂದರೆ ನಷ್ಟ ಯಾರಿಗೆ? ಸೈಪ್ರಸ್ ಒಂದಾಗದೆ ಉಳಿದ 2004ರ ಪ್ರಕರಣ

ಸೈಪ್ರಸ್‌ನ ರಾಜಧಾನಿ ನಿಕೋಸಿಯಾದಲ್ಲಿ ಕೊಳಚೆ ನೀರಿಗೆ ಪಾಸ್‌ಪೋರ್ಟ್ ಬೇಕಿಲ್ಲ. ಊರು 1974ರಿಂದ ಪೂರಾ ಎರಡು ಹೋಳು. ದಕ್ಷಿಣದಲ್ಲಿ ಗ್ರೀಕ್ ಮಾತಾಡುವವರು, ಉತ್ತರದಲ್ಲಿ ತುರ್ಕಿ ಮಾತಾಡುವವರು. ನಡುವೆ ಮರಳಿನ ಮೂಟೆ, ಮುಳ್ಳುತಂತಿ, ತುಕ್ಕು ಹಿಡಿದ ಡ್ರಮ್ಮು, ವಿಶ್ವಸಂಸ್ಥೆಯ ಪಹರೆ. ನೆಲದಡಿಯ ಒಳಚರಂಡಿ ಮಾತ್ರ ಒಂದೇ. ಯುದ್ಧಕ್ಕೆ ಮುಂಚೆ ಶುರುವಾಗಿದ್ದ ಕಾಮಗಾರಿ ಅರ್ಧಕ್ಕೆ ನಿಂತಿತ್ತು. ಶುದ್ಧೀಕರಣ ಘಟಕದ ಜಾಗ ಉತ್ತರದವರ ಪಾಲಿಗೆ ಹೋಗಿತ್ತು. 1978ರಲ್ಲಿ ಎರಡೂ ಕಡೆಯ ಮೇಯರುಗಳು, ಲೆಲ್ಲೋಸ್ ದಿಮಿತ್ರಿಯಾಡಿಸ್ ಮತ್ತು ಮುಸ್ತಫಾ ಅಕಿಂಜಿ, ಕೂತು ಮಾತಾಡಿ ಒಪ್ಪಿಕೊಂಡರು. ಯಾರು ಯಾರನ್ನು ಮೇಯರ್ ಅಂತ ಮಾನ್ಯ ಮಾಡಬೇಕು ಅನ್ನುವ ತಕರಾರನ್ನು ಬದಿಗಿಟ್ಟರು. ಮಲ ಮೂತ್ರಕ್ಕೆ ಸಾರ್ವಭೌಮತ್ವದ ಪ್ರಶ್ನೆ ಇರಲ್ಲ ಅಲ್ವಾ.

ಚರಂಡಿ ಒಂದಾಯಿತು. ದೇಶ ಒಂದಾಗಲಿಲ್ಲ. ಅದಕ್ಕೆ ತೀರಾ ಹತ್ತಿರ ಬಂದದ್ದು 2004ರ ಏಪ್ರಿಲ್ 24ರಂದು. ಅವತ್ತು ಎರಡೂ ಕಡೆಯ ಜನ ಒಂದೇ ಪ್ರಶ್ನೆಗೆ ಬೇರೆ ಬೇರೆಯಾಗಿ ಮತ ಹಾಕಿದರು. ವಿಶ್ವಸಂಸ್ಥೆ ಬರೆದುಕೊಟ್ಟ ಯೋಜನೆಯ ಪ್ರಕಾರ ಒಂದಾಗೋಣವೇ, ಬೇಡವೇ? ತುರ್ಕಿ ಸೈಪ್ರಿಯಟ್ಟರಲ್ಲಿ 64.91% ಜನ ಬೇಕು ಅಂದರು. ಗ್ರೀಕ್ ಸೈಪ್ರಿಯಟ್ಟರಲ್ಲಿ 75.83% ಜನ ಬೇಡ ಅಂದರು. ಎರಡೂ ಕಡೆ ಒಪ್ಪಿದರೆ ಮಾತ್ರ ಯೋಜನೆ ಜಾರಿ ಅಂತ ಷರತ್ತಿತ್ತು. ಅಲ್ಲಿಗೆ ಮುಗಿಯಿತು.

ಗ್ರೀಕರಿಗೆ ಹಗೆ, ತುರ್ಕಿಯವರಿಗೆ ಅಕ್ಕರೆ ಅಂತ ಈ ಅಂಕಿಗಳನ್ನು ಓದಿದರೆ ದಾರಿ ತಪ್ಪುತ್ತೇವೆ. ಯೋಜನೆ ಒಳ್ಳೆಯದೋ ಕೆಟ್ಟದ್ದೋ ಅನ್ನೋದು ಕೂಡ ಅರ್ಧ ಕಥೆ. ನನ್ನ ಲೆಕ್ಕದಲ್ಲಿ ಅವತ್ತು ಮತಗಟ್ಟೆಗೆ ಹೋದವರ ತಲೆಯಲ್ಲಿ ಇದ್ದ ನಿಜವಾದ ಪ್ರಶ್ನೆ ಬೇರೆ: ಬೇಡ ಅಂದರೆ ನನಗೇನು ನಷ್ಟ? ಒಂದು ಕಡೆಯವರಿಗೆ ಆ ನಷ್ಟ ದೊಡ್ಡದಿತ್ತು. ಇನ್ನೊಂದು ಕಡೆಯವರಿಗೆ ಏನೂ ಇರಲಿಲ್ಲ.

ಹಸಿರು ಪೆನ್ಸಿಲ್

ಸೈಪ್ರಸ್ ದೊಡ್ಡ ದೇಶವೇನಲ್ಲ. 9,251 ಚದರ ಕಿಲೋಮೀಟರ್, ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಸ್ವಲ್ಪ ಚಿಕ್ಕದು. ತುರ್ಕಿ ದೇಶ ಸುಮಾರು 70 ಕಿಲೋಮೀಟರ್ ಆಚೆ, ಗ್ರೀಸ್ ಅದಕ್ಕಿಂತ ಎಷ್ಟೋ ದೂರ. 1878ರಿಂದ ಬ್ರಿಟಿಷರ ಕೈಯಲ್ಲಿತ್ತು. ಜನರಲ್ಲಿ ಐದಕ್ಕೆ ನಾಲ್ಕು ಪಾಲು ಗ್ರೀಕರು, ಉಳಿದವರು ಹೆಚ್ಚಾಗಿ ತುರ್ಕರು. ಗ್ರೀಕರಲ್ಲಿ ಹಲವರಿಗೆ ಸ್ವಾತಂತ್ರ್ಯ ಅಂದರೆ ಗ್ರೀಸ್ ಜೊತೆ ಸೇರುವುದು. ಅದಕ್ಕೆ ಎನೋಸಿಸ್ ಅನ್ನುತ್ತಿದ್ದರು. ತುರ್ಕರು ಅದಕ್ಕೆ ಎದುರಾಗಿ ತಕ್ಸಿಮ್ ಅಂದರು. ಅಂದರೆ ಪಾಲು ಮಾಡಿ ಅಂತ. 1955ರಲ್ಲಿ ಗ್ರೀಕ್ ಬಂದೂಕುಧಾರಿಗಳ ಹೋರಾಟ ಶುರುವಾಯಿತು. ಆಮೇಲೆ ತುರ್ಕರ ಕಡೆಯೂ ಬಂದೂಕು ಬಂತು.

1960ರಲ್ಲಿ ಸಿಕ್ಕ ಸ್ವಾತಂತ್ರ್ಯದಲ್ಲಿ ಎರಡೂ ಇರಲಿಲ್ಲ. ಅಧ್ಯಕ್ಷ ಗ್ರೀಕ್, ಉಪಾಧ್ಯಕ್ಷ ತುರ್ಕ್. ಸರ್ಕಾರಿ ನೌಕರಿ 70ಕ್ಕೆ 30, ಸೇನೆ 60ಕ್ಕೆ 40. ದೊಡ್ಡ ವಿಷಯಗಳಲ್ಲಿ ಉಪಾಧ್ಯಕ್ಷರಿಗೂ ವೀಟೋ. ಇದರ ಮೇಲೆ ಬ್ರಿಟನ್, ಗ್ರೀಸ್, ತುರ್ಕಿ ಮೂರೂ ಜಾಮೀನುದಾರರು. ಈ ಜಾಮೀನು ಪತ್ರದ ನಾಲ್ಕನೇ ಕಲಮು ನೆನಪಿನಲ್ಲಿರಲಿ. ವ್ಯವಸ್ಥೆ ಕೆಟ್ಟರೆ ಮೂರೂ ದೇಶ ಸೇರಿ ಸರಿಪಡಿಸಬೇಕು. ಆಗದಿದ್ದರೆ ಯಾವುದಾದರೂ ಒಂದು ದೇಶ ತಾನೊಂದೇ ಹೆಜ್ಜೆ ಇಡಬಹುದು. ಈ ಒಂದು ವಾಕ್ಯ ಆಮೇಲಿನ ಅರವತ್ತು ವರ್ಷದ ಮಾತುಕತೆಯನ್ನೆಲ್ಲ ನುಂಗಿದೆ.

ಮೂರೇ ವರ್ಷ. 1963ರ ನವೆಂಬರ್‌ನಲ್ಲಿ ಅಧ್ಯಕ್ಷ ಮಕಾರಿಯೋಸ್ ಸಂವಿಧಾನಕ್ಕೆ 13 ತಿದ್ದುಪಡಿ ಸೂಚಿಸಿದರು. ತುರ್ಕರ ವೀಟೋ ತೆಗೆಯುವುದೂ ಅದರಲ್ಲಿತ್ತು. ಡಿಸೆಂಬರ್‌ನಲ್ಲಿ ನಿಕೋಸಿಯಾದ ಬೀದಿಗಳಲ್ಲಿ ಕೊಲೆಗಳಾದವು. ಬ್ರಿಟಿಷ್ ಮೇಜರ್ ಜನರಲ್ ಪೀಟರ್ ಯಂಗ್ ನಕ್ಷೆ ಹಾಸಿಕೊಂಡು, ಕೈಗೆ ಸಿಕ್ಕ ಹಸಿರು ಪೆನ್ಸಿಲ್ಲಿನಿಂದ ಎರಡು ಕಡೆಯವರ ನಡುವೆ ಕದನವಿರಾಮದ ಗೆರೆ ಎಳೆದರು. ಅದಕ್ಕೇ ಇವತ್ತಿಗೂ ಅದು ಹಸಿರು ಗೆರೆ.

ತುರ್ಕ್ ಮಂತ್ರಿಗಳು, ಶಾಸಕರು ಸರ್ಕಾರದಿಂದ ಹೊರಬಿದ್ದರು. ಅವರೇ ಬಿಟ್ಟು ಹೋದರು ಅನ್ನುವುದು ಗ್ರೀಕರ ಮಾತು, ಓಡಿಸಿದರು ಅನ್ನುವುದು ತುರ್ಕರ ಮಾತು. ಏನೇ ಇರಲಿ, ಅಲ್ಲಿಂದ ಮುಂದೆ ಜಗತ್ತು ಒಪ್ಪುವ ಸೈಪ್ರಸ್ ಸರ್ಕಾರ ಅಂದರೆ ಗ್ರೀಕರ ಸರ್ಕಾರ. ಇವತ್ತು ಅಲ್ಲಿನ ಸಂಸತ್ತಿನಲ್ಲಿ 80 ಸ್ಥಾನಗಳಿವೆ. ಚುನಾವಣೆ ನಡೆಯುವುದು 56ಕ್ಕೆ. ತುರ್ಕರ 24 ಕುರ್ಚಿ ಖಾಲಿ. ಆ ಕುರ್ಚಿಗಳನ್ನು ತೆಗೆಯುವುದೂ ಇಲ್ಲ, ತುಂಬುವುದೂ ಇಲ್ಲ.

ಇಲ್ಲಿ ಕೊಡಗಿನ ಒಂದು ಹೆಸರು ಬರುತ್ತದೆ. 1964ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ಬಂತು. ಅದರ ಎರಡನೇ ದಂಡನಾಯಕ ಮಡಿಕೇರಿಯ ಜನರಲ್ ಕೆ. ಎಸ್. ತಿಮ್ಮಯ್ಯ. ಭಾರತದ ಸೇನಾ ಮುಖ್ಯಸ್ಥರಾಗಿ ನಿವೃತ್ತರಾಗಿ ಮೂರು ವರ್ಷವಾಗಿತ್ತು. ಆಗ ತುರ್ಕರು ಸಣ್ಣ ಸಣ್ಣ ಕೇರಿಗಳಲ್ಲಿ ಗುಂಪುಗೂಡಿ ಬದುಕುತ್ತಿದ್ದರು. ಅಂಥ ಹೊತ್ತಲ್ಲಿ ಎರಡೂ ಕಡೆಯ ಬಂದೂಕುಗಳ ನಡುವೆ ನಿಲ್ಲುವ ಕೆಲಸ ಅವರದಾಯಿತು. 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ಅಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಮಡಿಕೇರಿಯ ಅವರ ಮನೆ ಸನ್ನಿ ಸೈಡ್ ಈಗ ಮ್ಯೂಸಿಯಂ. ಅವರು ಕಾಯಲು ಹೋದ ಗೆರೆಯನ್ನು ವಿಶ್ವಸಂಸ್ಥೆ ಇನ್ನೂ ಕಾಯುತ್ತಲೇ ಇದೆ.

1974ರ ಬೇಸಿಗೆಯನ್ನು ಬೇಗ ಹೇಳಿಬಿಡುತ್ತೇನೆ. ಜುಲೈ 15ರಂದು ಗ್ರೀಸ್‌ನ ಮಿಲಿಟರಿ ಸರ್ಕಾರದ ಕುಮ್ಮಕ್ಕಿನಿಂದ ಮಕಾರಿಯೋಸ್ ಅವರನ್ನು ಕೆಳಗಿಳಿಸಿದರು. ಜುಲೈ 20ರಂದು ತುರ್ಕಿ ಸೇನೆ ಬಂದಿಳಿಯಿತು. ಅದು ತೋರಿಸಿದ್ದು ಅದೇ ನಾಲ್ಕನೇ ಕಲಮನ್ನು. ಆಗಸ್ಟ್‌ನಲ್ಲಿ ಎರಡನೇ ದಾಳಿ. ಕೊನೆಗೆ ದ್ವೀಪದ ಸುಮಾರು 37% ನೆಲ ತುರ್ಕಿಯ ಕೈಯಲ್ಲಿ ಉಳಿಯಿತು. ಸುಮಾರು 1,60,000 ಗ್ರೀಕರು ಮನೆ ಬಿಟ್ಟು ದಕ್ಷಿಣಕ್ಕೆ ಓಡಿದರು. ಸುಮಾರು 45,000 ತುರ್ಕರು ಉತ್ತರಕ್ಕೆ ಹೋದರು. ನಡುವೆ 180 ಕಿಲೋಮೀಟರ್ ಉದ್ದದ ನಿರ್ಜನ ಪಟ್ಟಿ ಉಳಿಯಿತು. ಬೆಂಗಳೂರಿಂದ ಹಾಸನಕ್ಕೆ ಹೋಗುವಷ್ಟು ದೂರ. ನಿಕೋಸಿಯಾದ ಹಳೇ ವಿಮಾನ ನಿಲ್ದಾಣ ಆ ಪಟ್ಟಿಯೊಳಗೇ ಸಿಕ್ಕಿಕೊಂಡಿದೆ. ಅಲ್ಲಿ ಒಂದು ಟ್ರೈಡೆಂಟ್ ವಿಮಾನ ಇವತ್ತಿಗೂ ನಿಂತಲ್ಲೇ ನಿಂತಿದೆ. 1983ರಲ್ಲಿ ಉತ್ತರದವರು ತಮ್ಮದು ಬೇರೆ ದೇಶ ಅಂತ ಘೋಷಿಸಿದರು. ತುರ್ಕಿ ಬಿಟ್ಟರೆ ಯಾರೂ ಒಪ್ಪಲಿಲ್ಲ.

ಎರಡು ತಾರೀಕುಗಳ ತಪ್ಪು

ಇಪ್ಪತ್ತೈದು ವರ್ಷ ಮಾತುಕತೆಗಳು ಬಂದವು, ಹೋದವು. ತುರ್ಕಿ ಸೈಪ್ರಿಯಟ್ಟರ ನಾಯಕ ರೌಫ್ ಡೆಂಕ್ತಾಶ್‌ಗೆ ಬೇರೆ ದೇಶವೇ ಬೇಕಿತ್ತು. ಹೊರಗಿನವರ ಕಣ್ಣಿಗೆ ಅಡ್ಡಗಾಲು ಅವರೊಬ್ಬರದ್ದೇ ಆಗಿತ್ತು. ಈ ಕಲ್ಪನೆ ಮುಂದೆ ದುಬಾರಿಯಾಯಿತು.

1990ರಲ್ಲಿ ಸೈಪ್ರಸ್ ಐರೋಪ್ಯ ಸಮುದಾಯಕ್ಕೆ ಸೇರಲು ಅರ್ಜಿ ಹಾಕಿತು. 1999ರಲ್ಲಿ ಹೆಲ್ಸಿಂಕಿಯಲ್ಲಿ ಸೇರಿದ ಐರೋಪ್ಯ ಒಕ್ಕೂಟದ ನಾಯಕರು ಒಂದು ಮಾತು ಕೊಟ್ಟರು. ದ್ವೀಪ ಒಂದಾದರೆ ಒಳ್ಳೆಯದೇ, ಆದರೆ ಒಕ್ಕೂಟಕ್ಕೆ ಸೇರಲು ಅದು ಷರತ್ತಲ್ಲ. ಗ್ರೀಸ್ ಹಟ ಹಿಡಿದಿತ್ತು. ಸೈಪ್ರಸ್ ಬಿಟ್ಟರೆ ಪೂರ್ವ ಯುರೋಪಿನ ಯಾರನ್ನೂ ಸೇರಿಸಲು ಬಿಡಲ್ಲ ಅಂತ. ಒಕ್ಕೂಟದವರ ಎಣಿಕೆ ಸರಳವಾಗಿತ್ತು. ಗ್ರೀಕರು ಹೇಗೂ ಒಪ್ಪುತ್ತಾರೆ, ಒತ್ತಡ ಬೇಕಿರುವುದು ಡೆಂಕ್ತಾಶ್ ಮೇಲೆ, ತುರ್ಕಿಯ ಮೇಲೆ. ಮೇಸ್ತ್ರಿಗೆ ಪೂರ್ತಿ ದುಡ್ಡು ಮೊದಲೇ ಕೊಟ್ಟು ಆಮೇಲೆ ತಾರಸಿ ಹಾಕಪ್ಪಾ ಅಂದ ಹಾಗಾಯಿತು. ಮನೆ ಕಟ್ಟಿಸಿದ ಯಾರನ್ನಾದರೂ ಕೇಳಿ, ಏನಾಗುತ್ತದೆ ಅಂತ ಹೇಳುತ್ತಾರೆ.

2002ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ತಮ್ಮ ಯೋಜನೆಯ ಮೊದಲ ಕರಡು ಮುಂದಿಟ್ಟರು. ಡೆಂಕ್ತಾಶ್ ಕೊಸರಾಡಿದರು. 2003ರ ಫೆಬ್ರವರಿಯಲ್ಲಿ ದಕ್ಷಿಣದಲ್ಲಿ ಚುನಾವಣೆ ನಡೆಯಿತು. ಮಾತುಕತೆಗೆ ಹದವಾಗಿದ್ದ ಗ್ಲಾಫ್ಕೋಸ್ ಕ್ಲಿರಿಡಿಸ್ ಸೋತರು, ಗಟ್ಟಿ ನಿಲುವಿನ ತಾಸೋಸ್ ಪಾಪಡೋಪುಲೋಸ್ ಗೆದ್ದರು. ಮಾರ್ಚ್‌ನಲ್ಲಿ ಹೇಗ್‌ನಲ್ಲಿ ಮಾತು ಮುರಿಯಿತು, ಬೈಗುಳ ಬಿದ್ದದ್ದು ಡೆಂಕ್ತಾಶ್‌ಗೆ. ಏಪ್ರಿಲ್ 16ರಂದು ಸೈಪ್ರಸ್ ಅಥೆನ್ಸ್‌ನಲ್ಲಿ ಸೇರ್ಪಡೆ ಪತ್ರಕ್ಕೆ ಸಹಿ ಹಾಕಿತು. 2004ರ ಮೇ 1ರಿಂದ ಅದು ಒಕ್ಕೂಟದ ಸದಸ್ಯ. ಜನಮತಗಣನೆ ಇಟ್ಟಿದ್ದು ಅದಕ್ಕೆ ಒಂದೇ ವಾರ ಮುಂಚೆ. ಈ ಎರಡು ತಾರೀಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಪ್ರಕರಣದ ಮುಕ್ಕಾಲು ಭಾಗ ಅರ್ಥವಾಗುತ್ತದೆ. ಗ್ರೀಕ್ ಸೈಪ್ರಿಯಟ್ಟರು ಬೇಕು ಅಂದರೂ ಮೇ 1ಕ್ಕೆ ಒಳಗೆ, ಬೇಡ ಅಂದರೂ ಒಳಗೆ. ತುರ್ಕಿ ಸೈಪ್ರಿಯಟ್ಟರು ಒಳಗೆ ಬರಲು ಎರಡೂ ಕಡೆಯವರು ಬೇಕು ಅನ್ನಬೇಕು.

ತಮ್ಮದೇ ಮನೆಯಲ್ಲಿ ಅತಿಥಿ

ನಡುವೆ ಯಾರೂ ನಿರೀಕ್ಷಿಸದ ಒಂದು ಸಂಗತಿ ನಡೆಯಿತು. 2003ರ ಏಪ್ರಿಲ್ 23ರಂದು ಉತ್ತರದ ಆಡಳಿತ ಇದ್ದಕ್ಕಿದ್ದಂತೆ ಗೇಟು ತೆಗೆಯಿತು. 29 ವರ್ಷದ ನಂತರ ಜನ ಆಚೆ ಈಚೆ ಹೋಗಬಹುದಾಯಿತು. ಗಂಟೆಗಟ್ಟಲೆ ಕ್ಯೂ. ಹೋದವರಲ್ಲಿ ಬಹಳ ಮಂದಿ ಹುಡುಕಿದ್ದು ಒಂದನ್ನೇ, ತಮ್ಮ ಮನೆಯನ್ನು.

ಆ ದಿನಗಳ ಕಥೆಗಳಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಬರುತ್ತದೆ. ಗ್ರೀಕ್ ಹೆಂಗಸು ತಾನು ಹುಟ್ಟಿ ಬೆಳೆದ ಮನೆಯ ಬಾಗಿಲು ತಟ್ಟುತ್ತಾಳೆ. ಒಳಗಿರುವ ತುರ್ಕ್ ಕುಟುಂಬ ಬನ್ನಿ ಅನ್ನುತ್ತದೆ. ಅವರೂ ದಕ್ಷಿಣದಲ್ಲಿ ಮನೆ ಕಳೆದುಕೊಂಡು ಬಂದವರೇ. ಪುಟ್ಟ ಕಪ್ಪಿನಲ್ಲಿ ಕಾಫಿ ಬರುತ್ತದೆ. ಗಸಿ ತಳಕ್ಕೆ ಕೂತ ಅದೇ ಕಾಫಿ, ದಕ್ಷಿಣದಲ್ಲಿ ಅದಕ್ಕೆ ಗ್ರೀಕ್ ಕಾಫಿ ಅಂತ ಹೆಸರು, ಉತ್ತರದಲ್ಲಿ ತುರ್ಕಿ ಕಾಫಿ. ಕೆಲವರು ಎತ್ತಿಟ್ಟಿದ್ದ ಹಳೇ ಫೋಟೋಗಳನ್ನು ತಂದು ಕೊಡುತ್ತಾರೆ. ಅಂಗಳದ ನಿಂಬೆಗಿಡ ತೋರಿಸುತ್ತಾರೆ. ಬಂದವಳು ಅಳುತ್ತಾಳೆ, ಮನೆಯವಳೂ ಅಳುತ್ತಾಳೆ. ಸಂಜೆ ಬಂದವಳು ಗೇಟು ದಾಟಿ ವಾಪಸು ಹೋಗಬೇಕು.

ಇದರಿಂದ ಮನಸ್ಸುಗಳು ಹತ್ತಿರ ಬಂದವು ಅಂತ ಆಗ ಬಹಳ ಜನ ಬರೆದರು. ಅದು ಸುಳ್ಳಲ್ಲ. ಅಷ್ಟು ಜನ ಓಡಾಡಿದರೂ ಹೇಳಿಕೊಳ್ಳುವಂಥ ಗಲಾಟೆ ನಡೆಯಲಿಲ್ಲ. ಆದರೆ ಇನ್ನೊಂದೂ ಆಯಿತು ಅಂತ ನನಗನಿಸುತ್ತದೆ. ಅಲ್ಲಿಯವರೆಗೆ ಮನೆ ಅನ್ನುವುದು ನೆನಪಿನಲ್ಲಿ ಬೀಗ ಹಾಕಿಕೊಂಡು ಕಾಯುತ್ತಿತ್ತು. ಈಗ ಅದರಲ್ಲಿ ಬೇರೆಯವರ ಮಕ್ಕಳು ಬೆಳೆದಿದ್ದನ್ನು ಕಣ್ಣಾರೆ ನೋಡಿದಂತಾಯಿತು. ವಾಪಸು ಬರುತ್ತದೆ ಅನ್ನುವ ಮಾತಿನ ತೂಕ ಅಲ್ಲೇ ಸ್ವಲ್ಪ ಇಳಿಯಿತು.

ಯೋಜನೆ ಏನು ಹೇಳುತ್ತಿತ್ತು

2004ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಎರಡೂ ಕಡೆಯವರು ಒಂದು ವಿಚಿತ್ರ ಷರತ್ತಿಗೆ ಒಪ್ಪಿದರು. ತಾವೇ ಮಾತಾಡಿ ಮುಗಿಸದಿದ್ದರೆ ಖಾಲಿ ಉಳಿದ ಜಾಗಗಳನ್ನು ಅನ್ನಾನ್ ತುಂಬುತ್ತಾರೆ, ಅದು ನೇರ ಜನರ ಮುಂದೆ ಹೋಗುತ್ತದೆ. ಪಂಚರು ಬರೆದದ್ದೇ ಕೊನೆ ಅಂತ ಮೊದಲೇ ಹೆಬ್ಬೆಟ್ಟು ಒತ್ತಿದ ಹಾಗೆ. ಸ್ವಿಟ್ಜರ್ಲೆಂಡಿನ ಬ್ಯುರ್ಗೆನ್‌ಸ್ಟಾಕ್‌ನಲ್ಲಿ ಕೊನೆಯ ಸುತ್ತು ನಡೆಯಿತು. ಡೆಂಕ್ತಾಶ್ ಅಲ್ಲಿಗೆ ಹೋಗಲೇ ಇಲ್ಲ. ಮಾರ್ಚ್ 31ರಂದು ಐದನೇ ಮತ್ತು ಕೊನೆಯ ಆವೃತ್ತಿ ಬಂತು. ಜೊತೆಗಿದ್ದ ಕಾನೂನುಗಳನ್ನೂ ಸೇರಿಸಿದರೆ ಸುಮಾರು 9,000 ಪುಟ. ಮತದಾನಕ್ಕೆ 24 ದಿನ ಬಾಕಿ. ಯಾರು ಓದುತ್ತಾರೆ ಹೇಳಿ!

ಸಾರ ಇಷ್ಟು. ಸಂಯುಕ್ತ ಸೈಪ್ರಸ್ ಗಣರಾಜ್ಯ ಅನ್ನುವ ಹೊಸ ದೇಶ. ಅದರೊಳಗೆ ಗ್ರೀಕರದೊಂದು, ತುರ್ಕರದೊಂದು ರಾಜ್ಯ. ತುರ್ಕರ ಪಾಲು 37%ರಿಂದ 29% ಆಸುಪಾಸಿಗೆ ಇಳಿಯಬೇಕು. ಮೊರ್ಫೂ, ವರೋಶಾ ಊರುಗಳು ಗ್ರೀಕರಿಗೆ. ಸೆನೆಟ್‌ನಲ್ಲಿ 24ಕ್ಕೆ 24. ದೇಶ ನಡೆಸುವುದು ಒಬ್ಬ ಅಧ್ಯಕ್ಷ ಅಲ್ಲ, ಮತದ ಹಕ್ಕಿರುವ ಆರು ಜನರ ಮಂಡಳಿ, ನಾಲ್ವರು ಗ್ರೀಕರು, ಇಬ್ಬರು ತುರ್ಕರು. ಸುಪ್ರೀಂ ಕೋರ್ಟಿನಲ್ಲಿ ಮೂವರು ಇವರು, ಮೂವರು ಅವರು, ಮೂವರು ಹೊರದೇಶದವರು. ಕಗ್ಗಂಟಾದರೆ ಬಿಡಿಸುವುದು ಕೋರ್ಟಿನ ಕೆಲಸ.

ಜಮೀನಿನ ಅಧ್ಯಾಯ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಪಹಣಿ ಒಬ್ಬರ ಹೆಸರಲ್ಲಿ, ಉಳುಮೆ ಇನ್ನೊಬ್ಬರದ್ದು. ಉತ್ತರದ ಖಾಸಗಿ ಜಮೀನಿನಲ್ಲಿ ಹೆಚ್ಚು ಪಾಲಿನ ಹಳೇ ದಾಖಲೆ ಗ್ರೀಕರ ಹೆಸರಲ್ಲಿತ್ತು. ಉತ್ತರದ ಕಿರೇನಿಯಾದ ತಿತಿನಾ ಲೊಯಿಜಿದು ಅನ್ನುವವರು ಯುರೋಪಿನ ಮಾನವ ಹಕ್ಕುಗಳ ಕೋರ್ಟಿಗೆ ಹೋಗಿ 1996ರಲ್ಲೇ ತುರ್ಕಿಯ ವಿರುದ್ಧ ಗೆದ್ದಿದ್ದರು. 2003ರ ಡಿಸೆಂಬರ್‌ನಲ್ಲಿ ತುರ್ಕಿ ಪರಿಹಾರದ ದುಡ್ಡನ್ನೂ ಕಟ್ಟಿತು. ದಾಖಲೆ ಕೈಯಲ್ಲಿದ್ದರೆ ಕೋರ್ಟು ಗೆಲ್ಲಿಸುತ್ತದೆ ಅನ್ನುವ ಧೈರ್ಯ ಗ್ರೀಕರಲ್ಲಿ ಮೂಡಿತು. ಅದರ ಎದುರು ಅನ್ನಾನ್ ಯೋಜನೆ ಹೇಳಿದ್ದೇನು? ತುರ್ಕರ ರಾಜ್ಯದೊಳಗೆ ಉಳಿಯುವ ಜಮೀನಿನಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಪಾಲು ಮಾತ್ರ ವಾಪಸು, ಉಳಿದದ್ದಕ್ಕೆ ಬಾಂಡು. ಅಲ್ಲಿಗೆ ಮರಳಿ ಹೋಗಿ ನೆಲೆಸುವವರಿಗೂ ವರ್ಷಗಟ್ಟಲೆ ಮಿತಿ. ಮೊದಲ ಐದಾರು ವರ್ಷ ಹೆಚ್ಚುಕಮ್ಮಿ ಬಾಗಿಲು ಮುಚ್ಚಿದ ಹಾಗೆ, ಆಮೇಲೆ ಊರಿನ ಜನಸಂಖ್ಯೆಯ 6%, 12%, 18% ಅಂತ ಮೆಟ್ಟಿಲು ಮೆಟ್ಟಿಲಾಗಿ.

ಕೊಡೋದು ನಗದು, ಸಿಗೋದು ಉದ್ರಿ

ಗ್ರೀಕ್ ಸೈಪ್ರಿಯಟ್ಟರ ತಕರಾರು ಇಲ್ಲೇ ಇತ್ತು. ಕಿರಾಣಿ ಅಂಗಡಿಯಲ್ಲಿ 'ಇಂದು ನಗದು, ನಾಳೆ ಉದ್ರಿ' ಅಂತ ಬೋರ್ಡು ಹಾಕಿರುತ್ತಾರಲ್ಲ, ಹಾಗೆ. ಯೋಜನೆಗೆ ಒಪ್ಪಿದ ಮರುದಿನವೇ ಅವರ ಸೈಪ್ರಸ್ ಗಣರಾಜ್ಯ ಇಲ್ಲವಾಗುತ್ತದೆ. ಅವರ ಕೈಯಲ್ಲಿದ್ದ ದೊಡ್ಡ ಆಸ್ತಿ ಅದೊಂದೇ, ಅದನ್ನು ಮೊದಲ ದಿನವೇ ಕೊಡಬೇಕು. ಅವರಿಗೆ ಸಿಗಬೇಕಾದದ್ದು ಮಾತ್ರ ಕಂತಿನಲ್ಲಿ. ಊರುಗಳು ಮೂರೂವರೆ ವರ್ಷದವರೆಗೆ ಹಂತ ಹಂತವಾಗಿ. ಆಗ ಉತ್ತರದಲ್ಲಿ ತುರ್ಕಿಯ ಸೈನಿಕರು ಮೂವತ್ತು ಸಾವಿರಕ್ಕೂ ಜಾಸ್ತಿ. ಅವರು 6,000ಕ್ಕೆ ಇಳಿಯುವುದು 2011ಕ್ಕೆ, 3,000ಕ್ಕೆ ಇಳಿಯುವುದು 2018ಕ್ಕೆ. ಆಮೇಲೂ 650 ಜನ ಉಳಿಯಬಹುದು. ಜಾಮೀನು ಪತ್ರ, ಅದರ ನಾಲ್ಕನೇ ಕಲಮು, ಇದ್ದ ಹಾಗೇ ಇರುತ್ತದೆ. ತುರ್ಕಿ ನಡುವೆ ಮನಸ್ಸು ಬದಲಿಸಿದರೆ ಯಾರು ಕೇಳೋರು?

ಏಪ್ರಿಲ್ 7ರಂದು ಪಾಪಡೋಪುಲೋಸ್ ಟೀವಿಗೆ ಬಂದರು. ಸುಮಾರು ಒಂದು ಗಂಟೆ ಮಾತಾಡಿದರು, ಕೊನೆಗೆ ಕಣ್ಣು ತುಂಬಿಕೊಂಡಿತು. ತಿರುಳು ಇಷ್ಟೇ: ನನ್ನ ಕೈಗೆ ಬಂದದ್ದು ಜಗತ್ತು ಒಪ್ಪಿದ ಒಂದು ರಾಷ್ಟ್ರ, ಅದನ್ನು ಒಂದು ಕೋಮಿನ ಮಟ್ಟಕ್ಕೆ ಇಳಿಸಿ ಕೊಟ್ಟು ಹೋಗಲಾರೆ, ಗಟ್ಟಿಯಾಗಿ ಬೇಡ ಅನ್ನಿ. ಯೋಜನೆಯ ಒಳ್ಳೆಯ ಅಂಶಗಳನ್ನು ಅವರು ಹೇಳಲಿಲ್ಲ. ಇಷ್ಟೆಲ್ಲ ಮಾತುಕತೆಗೆ ಕೂತ ಮನುಷ್ಯ ಕೊನೆಯ ಎರಡು ವಾರದಲ್ಲಿ ಹೀಗೆ ತಿರುಗಿಬಿದ್ದದ್ದು ಐರೋಪ್ಯ ಒಕ್ಕೂಟದವರಿಗೆ ಸಿಟ್ಟು ತರಿಸಿತು. ಒಕ್ಕೂಟದ ವಿಸ್ತರಣೆ ನೋಡಿಕೊಳ್ಳುತ್ತಿದ್ದ ಗ್ಯುಂಟರ್ ಫೆರ್ಹಾಯ್ಗನ್ ತಮಗೆ ಮೋಸವಾಯಿತು ಅಂತ ಐರೋಪ್ಯ ಸಂಸತ್ತಿನಲ್ಲೇ ಅಂದರು. ಮೋಸ ಅನ್ನೋದಕ್ಕಿಂತ ಲೆಕ್ಕ ತಪ್ಪಿದ್ದು ಅನ್ನಬೇಕು. ಪೂರ್ತಿ ದುಡ್ಡು ಕೊಟ್ಟವರು ಅವರೇ ತಾನೆ.

ಎಡಪಕ್ಷ ಅಕೆಲ್ ಕಥೆ ಇನ್ನೂ ಕುತೂಹಲದ್ದು. ಎರಡು ಕೋಮು ಕೂಡಿ ಬಾಳಬೇಕು ಅಂತ ದಶಕಗಳಿಂದ ಹೇಳಿಕೊಂಡು ಬಂದ ಪಕ್ಷ ಅದು. ಮತದಾನ ಮುಂದಕ್ಕೆ ಹಾಕಿ, ಭದ್ರತಾ ಮಂಡಳಿಯಿಂದ ಗಟ್ಟಿ ಭರವಸೆ ಕೊಡಿಸಿ ಅಂತ ಕೇಳಿತು. ಅಂಥ ಭರವಸೆಯ ಠರಾವಿಗೆ ಏಪ್ರಿಲ್ 21ರಂದು ರಷ್ಯಾ ವೀಟೋ ಹಾಕಿತು. ಮತದಾನ ಹೊಸ್ತಿಲಲ್ಲಿರುವಾಗ ಅಕೆಲ್ ಕೂಡ ಬೇಡದ ಕಡೆ ವಾಲಿತು. ನಾಳೆಯ 'ಬೇಕು'ವನ್ನು ಗಟ್ಟಿ ಮಾಡಲು ಇವತ್ತು 'ಬೇಡ' ಅನ್ನುತ್ತಿದ್ದೇವೆ ಅನ್ನುವುದು ಅವರ ಸಮಜಾಯಿಷಿ. ಇಂಥ ತಿರುವುಮುರುವು ಮಾತು ರಾಜಕೀಯದಲ್ಲಿ ಮಾತ್ರ ಸಾಧ್ಯ. ಬೇಕು ಅಂದವರಲ್ಲಿ ದೊಡ್ಡ ಪಕ್ಷ ಅಂತ ಉಳಿದದ್ದು ಬಲಪಂಥದ ದಿಸಿ. ಅದರ ನಾಯಕ ನಿಕೋಸ್ ಅನಸ್ತಾಸಿಯಾಡಿಸ್. ಅವರ ಮತದಾರರೇ ಬಹಳ ಮಂದಿ ಅವರ ಮಾತು ಕೇಳಲಿಲ್ಲ. ಕೆಲವು ಬಿಷಪ್ಪರೂ ಬೇಡ ಅನ್ನಿ ಅಂತ ಬಹಿರಂಗವಾಗಿ ಹೇಳಿದರು.

ಇಷ್ಟಾದರೂ, ಒಪ್ಪದಿದ್ದರೆ ಏನೋ ದೊಡ್ಡದು ಕೈ ಬಿಡುತ್ತದೆ ಅನ್ನುವ ಭಯವಿದ್ದರೆ ಜನ ಉದ್ರಿಗೂ ಒಪ್ಪುತ್ತಿದ್ದರೇನೋ. ಆ ಭಯ ಇರಲಿಲ್ಲ. ವಾರ ಕಳೆದರೆ ಒಕ್ಕೂಟದ ಒಳಗೆ. ಒಳಗೆ ಹೋದ ಮೇಲೆ ತುರ್ಕಿಯ ಸೇರ್ಪಡೆಗೆ ಅಡ್ಡ ಹಾಕುವ ವೀಟೋ ಕೈಯಲ್ಲಿ. ಆಮೇಲೆ ಇದಕ್ಕಿಂತ ಒಳ್ಳೆ ಒಪ್ಪಂದ ತಾನಾಗಿ ಬರುತ್ತದೆ ಅನ್ನುವ ಮಾತು ಬೇಡ ಎಂಬವರ ಪ್ರಚಾರದ ತುಂಬ ಇತ್ತು.

ಉತ್ತರದಲ್ಲಿ ಬೇಕು ಅಂದದ್ದು ಯಾಕೆ

ಅಲ್ಲಿನ ಬದುಕನ್ನು ಒಂದು ಲಕೋಟೆಯಲ್ಲಿ ತೋರಿಸಬಹುದು. ಉತ್ತರ ಸೈಪ್ರಸ್‌ಗೆ ಕಾಗದ ಬರೆಯಬೇಕಾದರೆ ವಿಳಾಸದ ಕೊನೆಗೆ 'ಮೆರ್ಸಿನ್ 10, ತುರ್ಕಿ' ಅಂತ ಬರೆಯಬೇಕು. ಜಗತ್ತಿನ ಅಂಚೆಯವರ ಪಾಲಿಗೆ ಅಂಥ ದೇಶ ಇಲ್ಲ, ತುರ್ಕಿಯ ಒಂದು ಬಂದರಿನ ಹತ್ತನೇ ಬಡಾವಣೆ ಅದು. ವಿಮಾನ ಹೊರಡುವುದು ತುರ್ಕಿಗೆ ಮಾತ್ರ. ಫುಟ್‌ಬಾಲ್ ತಂಡ ಹೊರಗಿನವರ ಜೊತೆ ಅಧಿಕೃತವಾಗಿ ಆಡುವ ಹಾಗಿಲ್ಲ. 2000ದ ಆಸುಪಾಸಿನಲ್ಲಿ ಅಲ್ಲಿನ ಬ್ಯಾಂಕುಗಳು ಮುಳುಗಿ ಜನರ ಉಳಿತಾಯ ನೀರಿಗೆ ಹೋಗಿತ್ತು. ಅತ್ತ ತುರ್ಕಿಯಿಂದ ಬಂದು ನೆಲೆಸಿದವರ ಸಂಖ್ಯೆ ಏರುತ್ತಿತ್ತು. ತುರ್ಕಿ ಸೈಪ್ರಿಯಟ್ಟರ ಮಕ್ಕಳು ಲಂಡನ್ನಿಗೆ ಹೊರಡುತ್ತಿದ್ದರು.

ಹಾಗಾಗಿ 2002ರ ಚಳಿಗಾಲದಿಂದಲೇ ಉತ್ತರ ನಿಕೋಸಿಯಾದ ಚೌಕದಲ್ಲಿ ಹತ್ತಾರು ಸಾವಿರ ಜನ ಸೇರಿ ಡೆಂಕ್ತಾಶ್ ವಿರುದ್ಧ ಕೂಗಿದರು. ಒಟ್ಟು ಜನಸಂಖ್ಯೆಯೇ ಎರಡು ಲಕ್ಷದ ಆಜುಬಾಜಿನಲ್ಲಿದ್ದ ಕಡೆ ಇದು ಸಣ್ಣ ಮಾತಲ್ಲ. ಮತದಾನದ ಹೊತ್ತಿಗೆ ಅವರ ಘೋಷಣೆ 'ಯೆಸ್ ಬೆ ಅನ್ನೆಮ್'. ಇಂಗ್ಲಿಷಿನ ಯೆಸ್‌ಗೆ ಊರುಮಾತಿನ ಬಾಲ. ನಮ್ಮಲ್ಲಾದರೆ 'ಯೆಸ್ ಕಣವ್ವಾ' ಅಂದ ಹಾಗೆ. ಇದೇ ಚುರುಕು ದಕ್ಷಿಣದ ಬೇಕು ಎಂಬವರ ಪ್ರಚಾರದಲ್ಲಿ ಕಾಣಲಿಲ್ಲ.

ಮೇಲಿನವರ ಗಾಳಿಯೂ ಬದಲಾಗಿತ್ತು. ತುರ್ಕಿಯ ರಾಜಧಾನಿ ಅಂಕಾರಾದಲ್ಲಿ ಎರ್ದೊವಾನ್ ಹೊಸದಾಗಿ ಅಧಿಕಾರಕ್ಕೆ ಬಂದಿದ್ದರು. ಒಕ್ಕೂಟ ಸೇರುವ ಮಾತುಕತೆ ಶುರುವಾಗಬೇಕಾದರೆ ಸೈಪ್ರಸ್ ತಲೆನೋವು ತೀರಬೇಕಿತ್ತು. ಅವರು ಬೇಕು ಅನ್ನುವವರ ಬೆನ್ನಿಗೆ ನಿಂತರು. 2003ರ ಡಿಸೆಂಬರ್ ಚುನಾವಣೆಯಲ್ಲಿ ಸ್ಥಾನಗಳು 25-25 ಆಗಿ, ಏಕೀಕರಣದ ಪರವಿದ್ದ ಮೆಹ್ಮೆತ್ ಅಲಿ ತಲಾತ್ ಪ್ರಧಾನಿಯಾದರು. ಡೆಂಕ್ತಾಶ್ ಬೇಡ ಬೇಡ ಅನ್ನುತ್ತಲೇ ಇದ್ದರು. ಅಂತೂ ಎರಡೂ ಕಡೆಯ ಅಧ್ಯಕ್ಷರು ಬೇಡ ಅಂದ ಮತದಾನ ಇದು. ಒಬ್ಬರ ಮಾತನ್ನು ಅವರ ಜನ ಕೇಳಿದರು, ಇನ್ನೊಬ್ಬರ ಮಾತನ್ನು ಕೇಳಲಿಲ್ಲ.

ಹೀಗಂತ ಉತ್ತರದವರಿಗೆ ಬೇಕು ಅನ್ನುವುದು ಪುಕ್ಕಟೆಯಾಗಿರಲಿಲ್ಲ. ಮೊರ್ಫೂ ಕಡೆಯ ಕಿತ್ತಳೆ ತೋಟಗಳಲ್ಲಿ 1974ರಿಂದ ಬೇರು ಬಿಟ್ಟವರು ಮತ್ತೆ ಗಂಟುಮೂಟೆ ಕಟ್ಟಬೇಕಿತ್ತು. ಅವರಲ್ಲಿ ಕೆಲವರಿಗೆ ಅದು ಬದುಕಿನಲ್ಲಿ ಎರಡನೇ, ಮೂರನೇ ಸಲ.

ಮತ ಎಣಿಸಿದ ಮೇಲೆ

ಎರಡು ದಿನದ ನಂತರ ಐರೋಪ್ಯ ಒಕ್ಕೂಟದ ವಿದೇಶಾಂಗ ಮಂತ್ರಿಗಳು ಸೇರಿ, ತುರ್ಕಿ ಸೈಪ್ರಿಯಟ್ಟರ ಒಂಟಿತನ ಕೊನೆಗಾಣಿಸುತ್ತೇವೆ ಅಂತ ಘೋಷಿಸಿದರು. ಮೇ 1ರಂದು ಸೈಪ್ರಸ್ ಒಕ್ಕೂಟ ಸೇರಿತು. ಕಾಗದದ ಮೇಲೆ ಇಡೀ ದ್ವೀಪ ಸೇರಿತು, ಉತ್ತರದಲ್ಲಿ ಮಾತ್ರ ಒಕ್ಕೂಟದ ಕಾನೂನು ಅಮಾನತು. ನೇರ ವ್ಯಾಪಾರದ ನಿಯಮ ಇವತ್ತಿಗೂ ಪಾಸಾಗಿಲ್ಲ. ಈಗ ಒಕ್ಕೂಟದ ಒಳಗೆ ಕೂತಿದ್ದ ಸೈಪ್ರಸ್ ಅದಕ್ಕೆ ಒಪ್ಪಲಿಲ್ಲ. 25.9 ಕೋಟಿ ಯೂರೋ ನೆರವು 2006ರಲ್ಲಿ ಮಂಜೂರಾಯಿತು. ಬೇಕು ಅಂದವರಿಗೆ ಸಿಕ್ಕದ್ದು ಮೆಚ್ಚುಗೆ ಮತ್ತು ಅಷ್ಟು ದುಡ್ಡು. ಬೇಡ ಅಂದವರಿಗೆ ಸದಸ್ಯತ್ವ. ಇದನ್ನು ನೋಡಿ ಉತ್ತರದ ಮತದಾರ ಏನು ಕಲಿತಿರಬಹುದು ಅಂತ ಊಹಿಸುವುದು ಕಷ್ಟವಲ್ಲ.

ಬೇಡ ಎಂಬವರು ಹೇಳಿದ ಒಳ್ಳೆಯ ಒಪ್ಪಂದವೂ ಬರಲಿಲ್ಲ. ಹತ್ತಿರ ಬಂದದ್ದು 2017ರಲ್ಲಿ, ಸ್ವಿಟ್ಜರ್ಲೆಂಡಿನ ಕ್ರಾನ್ಸ್ ಮೊಂಟಾನಾದಲ್ಲಿ. ಮೇಜಿನ ಒಂದು ಕಡೆ ಅನಸ್ತಾಸಿಯಾಡಿಸ್, 2004ರಲ್ಲಿ ಬೇಕು ಅಂದಿದ್ದವರು, ಆಗ ದಕ್ಷಿಣದ ಅಧ್ಯಕ್ಷ. ಇನ್ನೊಂದು ಕಡೆ ಮುಸ್ತಫಾ ಅಕಿಂಜಿ, ಚರಂಡಿ ಒಪ್ಪಂದದ ಅದೇ ಮೇಯರು, ಆಗ ಉತ್ತರದ ನಾಯಕ. ಇಬ್ಬರೂ ಲಿಮಾಸೋಲ್ ಕಡೆಯವರು. ಇವರಿಬ್ಬರ ಕೈಲಿ ಆಗದಿದ್ದರೆ ಇನ್ಯಾರ ಕೈಲೂ ಆಗದು ಅಂತ ಎಲ್ಲರೂ ಅಂದುಕೊಂಡಿದ್ದರು. ಜುಲೈ 7ರ ಬೆಳಗಿನ ಜಾವ ಮಾತು ಮುರಿಯಿತು. ಸಿಕ್ಕಿಬಿದ್ದದ್ದು ಮತ್ತೆ ಅಲ್ಲೇ, ಸೈನಿಕರು ಮತ್ತು ಜಾಮೀನು. ಅಂದರೆ 1960ರ ನಾಲ್ಕನೇ ಕಲಮು.

2020ರಲ್ಲಿ ಉತ್ತರದಲ್ಲಿ ಎರಡು ದೇಶದ ವಾದ ಹಿಡಿದ ಎರ್ಸಿನ್ ತಾತಾರ್ ಗೆದ್ದರು. ಅದೇ ಅಕ್ಟೋಬರ್‌ನಲ್ಲಿ, 1974ರಿಂದ ಬೇಲಿ ಹಾಕಿ ಮುಚ್ಚಿಟ್ಟಿದ್ದ ವರೋಶಾದ ಒಂದಷ್ಟು ಭಾಗವನ್ನು ತೆರೆದರು. ಅನ್ನಾನ್ ಯೋಜನೆಯಲ್ಲಿ ಮೊದಲಿಗೆ ಗ್ರೀಕರ ಕೈಗೆ ಬರಬೇಕಿದ್ದ ಊರು ಅದು. ಈಗ ಹೊರಗಿನವರು ಬಾಡಿಗೆ ಸೈಕಲ್ಲಿನಲ್ಲಿ ಅಲ್ಲಿ ಸುತ್ತಬಹುದು. ಎರಡೂ ಕಡೆ ಮುರಿದ ಬಾಲ್ಕನಿಗಳು, ಕಟ್ಟಡದೊಳಗಿಂದ ಬೆಳೆದು ಬಂದ ಮರಗಳು. ಮನೆಯ ಮಾಲೀಕರು ಹಗ್ಗದ ಈಚೆಯಿಂದ ನೋಡಬಹುದು, ಒಳಗೆ ಹೋಗುವ ಹಾಗಿಲ್ಲ.

2025ರ ಅಕ್ಟೋಬರ್ 19ರಂದು ಉತ್ತರದ ಜನ ಮತ್ತೆ ಗಾಳಿ ತಿರುಗಿಸಿದರು. ಎರಡು ರಾಜ್ಯ ಸೇರಿ ಒಂದು ಸಂಯುಕ್ತ ದೇಶವಾಗಲಿ ಅನ್ನುವ ತುಫಾನ್ ಎರ್ಹ್ಯುರ್ಮಾನ್ 62%ಗೂ ಹೆಚ್ಚು ಮತ ತಗೊಂಡು ತಾತಾರ್ ಅವರನ್ನು ಸೋಲಿಸಿದರು. ಸಾವಿರಾರು ತುರ್ಕಿ ಸೈಪ್ರಿಯಟ್ಟರ ಜೇಬಿನಲ್ಲಿ ಈಗ ಸೈಪ್ರಸ್ ಗಣರಾಜ್ಯದ ಗುರುತುಚೀಟಿ ಇದೆ. ಬೆಳಿಗ್ಗೆ ನಿಕೋಸಿಯಾದ ಲೆದ್ರಾ ಬೀದಿಯ ಗೇಟಿನಲ್ಲಿ ಅದನ್ನೇ ತೋರಿಸಿ ದಕ್ಷಿಣಕ್ಕೆ ಕೆಲಸಕ್ಕೆ ಹೋಗುತ್ತಾರೆ. ತಂದೆಯೋ ತಾಯಿಯೋ ತುರ್ಕಿ ದೇಶದವರಾದ ಬಹಳಷ್ಟು ಮಕ್ಕಳಿಗೆ ಮಾತ್ರ ಆ ಚೀಟಿ ಸಿಕ್ಕಿಲ್ಲ. 2004ರ ಏಪ್ರಿಲ್‌ನಲ್ಲಿ ಅವರಲ್ಲಿ ಎಷ್ಟೋ ಮಂದಿ ಇನ್ನೂ ಹುಟ್ಟಿರಲೇ ಇಲ್ಲ.